ಸಾಬವ್ವನ ಆಯೇರಿ

ಸಾಬವ್ವನಿಗೆ ಕಥೆಗಳೆಂದರೆ ಪ್ರಾಣ, ಕಥೆಗಳ ಕೊನೆಯೆಂದರೆ ಮೈಯೆಲ್ಲ ಉರಿ. ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ದಿನವಿಡೀ ಡ್ರಮ್ಮು ತೊಳೆದು, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಇಟ್ಟುಕೊಂಡೇ ಚಾಳಿನ ಒಂದೇ ಖೋಲಿಯ ಮನೆಗೆ ಮರಳುವ ಈ ಹೆಂಗಸು ಒಲೆ ಹಚ್ಚುವ ಮೊದಲು ಟೀವಿ ಹಚ್ಚುವವಳು. ಒಂದು ಧಾರಾವಾಹಿಯನ್ನಂತೂ ವರ್ಷಗಟ್ಟಲೆ ಬಿಡದೆ ನೋಡಿದಳು. ಸೊಸೆಯ ಹಾಲಿಗೆ ವಿಷ ಬೆರೆಸಿದ, ಕೂಸನ್ನು ಕದ್ದು ಬಚ್ಚಿಟ್ಟ ಅತ್ತೆ ಕಡೆಯ ದಿನ ಕೈ ಮುಗಿದಳು. ಸೊಸೆ ಅವಳ ಕಾಲಿಗೇ ಬಿದ್ದು ‘ನೀವೇ ನನ್ನ ತಾಯಿ’ ಅಂದಳು. ಮುಗಿಯಿತು, ಶುಭಂ.

“ಇಷ್ಟು ವರ್ಸ ಅಳಸಿ, ಒಂದು ಸಲ ಕೈ ಮುಗದ್ರ ಆಗಿಹೋತೇನು?” ಎಂದು ಸಾಬವ್ವ ಟೀವಿಗೇ ಬೈದಳು. ಮರುದಿನ ಕಾರ್ಖಾನೆಯ ಊಟದ ಹೊತ್ತಿನಲ್ಲಿ ಹೆಂಗಸರಿಗೆ ಅದೇ ಕಥೆಯನ್ನು ಬೇರೆ ಕೊನೆ ಹಚ್ಚಿ ಹೇಳಿದಳು. ಅವಳ ಕಥೆಯಲ್ಲಿ ಅತ್ತೆ ಜೈಲಿನ ಅಡುಗೆಮನೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು. ನಿಜಕ್ಕೂ ಹಾಗೇ ಆಯಿತೇ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಆ ದಿನ ಅನ್ನ ಸ್ವಲ್ಪ ಹೆಚ್ಚೇ ಸೇರಿತು.

ಈ ಸಿಟ್ಟು ಅವಳಿಗೆ ಇಂದು ನಿನ್ನೆಯದಲ್ಲ. ಅಫಜಲಪುರದ ಕಡೆಯ ತನ್ನೂರಿನಲ್ಲಿ ಹುಡುಗಿಯಾಗಿದ್ದಾಗಿನಿಂದ ನೋಡಿದ ನಾಟಕಗಳಲ್ಲೆಲ್ಲ ಗರತಿಯಾದವಳು ಸತ್ತೇ ಸಾಯುತ್ತಿದ್ದಳು. ಗಂಡ ಕುಡಿದು, ಬಡಿದು, ಇನ್ನೊಬ್ಬಳನ್ನು ಕಟ್ಟಿಕೊಂಡು, ಕಡೆಯ ಅಂಕದಲ್ಲಿ ಬುದ್ಧಿ ಬಂದು ಓಡಿ ಬರುವಷ್ಟರಲ್ಲಿ ಇವಳು ಅವನ ಪಾದದ ಮೇಲೆ ತಲೆಯಿಟ್ಟು ಪ್ರಾಣ ಬಿಡಬೇಕು. ನೋಡಿದ ಗಂಡಸರು ಕಣ್ಣೊರೆಸಿಕೊಂಡು, ‘ಹೆಂಡ್ತಿ ಅಂದ್ರ ಹಿಂಗಿರಬೇಕು’ ಎನ್ನುತ್ತ ಮನೆಗೆ ಹೋಗಿ ಹೆಂಡತಿಯ ಮೇಲೆ ರೇಗುತ್ತಿದ್ದರು.

ಮೂರು ತಿಂಗಳ ಹಿಂದೆ ಅವಳ ಮಗಳು ಕಾಂಚನಾ ಡೊಂಬಿವಲಿಯ ಪಕ್ಕದ ಕಲ್ಯಾಣದಲ್ಲಿದ್ದ ಗಂಡನ ಮನೆಯಿಂದ ಮುರಿದ ಮಣಿಕಟ್ಟಿನೊಂದಿಗೆ ತಾಯಿಯ ಖೋಲಿಗೆ ಬಂದಳು. ಮುರಿದವನು ಗಂಡ ಲಕ್ಷ್ಮೀಕಾಂತ, ಲೋಡಿಂಗ್ ಕೆಲಸದ ಆಳುಗಳ ಮೇಲ್ವಿಚಾರಕ. ಕಾಂಚನಾ ಇಲ್ಲೇ ಹುಟ್ಟಿದವಳು, ತಾಯಿಯ ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳು ಮೊಬೈಲಿನಲ್ಲಿ ಒಂದು ಗೇಮ್ ಹಿಡಿದು ಕೂತಳು. ಒಬ್ಬ ಹೆಣ್ಣು ಸಿಪಾಯಿ ಕಾಡು, ಕೋಟೆ, ರಾಕ್ಷಸರನ್ನೆಲ್ಲ ದಾಟಿ ತನ್ನ ಊರು ಸೇರಬೇಕು. ಸಾಬವ್ವನೂ ಪಕ್ಕದಲ್ಲಿ ಕೂತು ‘ಹೊಡಿ, ಹಿಂದ ಬಂದಾನ ನೋಡು’ ಎಂದು ಕೂಗುತ್ತಿದ್ದಳು. ಕೊನೆಗೆ ಊರ ಬಾಗಿಲು ಬಂತು. ಒಂದು ಗುಂಡಿ ಒತ್ತಿದರೆ ಸಿಪಾಯಿ ಬೆಂಕಿಗೆ ಹಾರಿದಳು. ಹಿಂದೆ ಹೋಗಿ ಇನ್ನೊಂದನ್ನು ಒತ್ತಿದರೆ ಬಾಗಿಲು ಮುಚ್ಚಿ, ಹೊರಗೇ ಸತ್ತಳು. ಕಾಂಚನಾ ಮೊಬೈಲನ್ನು ಹಾಸಿಗೆಯ ಮೇಲೆ ಎಸೆದಳು.

“ಬ್ಯಾರೆ ದಾರಿ ಇಲ್ಲೇನವ್ವಾ?” ಸಾಬವ್ವ ಕೇಳಿದಳು.

“ದೋ ಹೀ ಆಪ್ಷನ್ ಹೈ, ಆಯೀ. ದೋನೋ ಮೇ ಮರ್ತೀ ಹೈ.”

ಎರಡೇ ದಾರಿ, ಎರಡರಲ್ಲೂ ಸಾವು. ಇಂಥದ್ದನ್ನು ಮಾಡಿದವನು ಕೈಗೆ ಸಿಕ್ಕರೆ ಡ್ರಮ್ಮು ತೊಳೆಯುವ ಬ್ರಷ್ಷಿನಿಂದ ಅವನ ಮುಖ ತಿಕ್ಕುತ್ತೇನೆ ಅಂದಳು ಸಾಬವ್ವ. ಮಗಳು ನಗಲಿಲ್ಲ.

ಅದೇ ವಾರ ಶಿವರಾಯ ಮನೆಗೆ ಬಂದ. ಕಲಬುರಗಿ ಕಡೆಯ ಕೂಲಿಯವರಿಗೆಲ್ಲ ಇಲ್ಲಿ ಕೆಲಸ ಕೊಡಿಸುವ ಮುಕಾದಮ, ಅವನ ಮಾತು ಮೀರಿ ಯಾರೂ ಬದುಕಿದ್ದಿಲ್ಲ. ಬರುವ ಐತವಾರ ಕಲ್ಯಾಣದ ಒಂದು ಶಾಲೆಯ ಮೈದಾನದಲ್ಲಿ ನಮ್ಮವರ ನಾಟಕ, ಲಕ್ಷ್ಮೀಕಾಂತನದೇ ಗಂಡನ ಪಾತ್ರ, ಹೆಂಡತಿಯ ಪಾತ್ರಕ್ಕೆ ವಿಜಯಪುರದಿಂದ ಊರ್ಮಿಳಾ ಎಂಬ ನಟಿಯನ್ನು ಕರೆಸಿದ್ದೇವೆ ಅಂದ. ಚಹಾ ಕುಡಿದು ಲೋಟ ಕೆಳಗಿಟ್ಟು ನಿಜವಾದ ಮಾತಿಗೆ ಬಂದ.

“ಕೊನೀಗೆ ಆಕಿ ಅಂವನ ಕಾಲಾಗ ಸಾಯ್ತಾಳ, ಅಂವ ಅಳ್ತಾನ. ಎಲ್ಲಾರ ಕಣ್ಣಾಗ ನೀರಿರ್ತಾವ. ಆಗ ಮೈಕಿನ್ಯಾಗ ಕಾಂಚನಾನ ಸ್ಟೇಜಿಗೆ ಕರೀತೀನಿ. ಮಂದಿ ಮುಂದ ಆಕಿ ಕೈ ಅಂವನ ಕೈಯಾಗ ಇಡೂಣು. ನೀ ಅಡ್ಡ ಮಾತಾಡಬ್ಯಾಡ, ತಂಗಿ.”

ಅವನು ಹೋದ ಮೇಲೆ ಕಾಂಚನಾ ಮಣಿಕಟ್ಟು ಸವರಿಕೊಳ್ಳುತ್ತ, “ಸಬ್ ಕೇ ಸಾಮ್ನೇ ನಾ ಕೈಸೇ ಬೋಲೂಂ, ಆಯೀ?” ಅಂದಳು. ಅಷ್ಟು ಜನ ಅಳುತ್ತಿರುವಾಗ ಒಲ್ಲೆ ಎನ್ನುವುದು ಹೇಗೆ? ಸಾಬವ್ವ ಲೆಕ್ಕ ಹಾಕಿದಳು. ಹೋಗದಿದ್ದರೆ ಅಂಜಿದರು ಅನ್ನುತ್ತಾರೆ, ಹೋದರೆ ಮಗಳು ಹೋಗುತ್ತಾಳೆ. ಕಡೆಗೆ ಅವಳು ಐತವಾರ ಒಳ್ಳೆಯ ಇಳಕಲ್ ಸೀರೆ ಉಟ್ಟಳು. ನಟಿಗೆ ಕೊಡಲು ಒಂದು ಕುಪ್ಪಸದ ಖಣವನ್ನೂ ಚೀಲಕ್ಕೆ ಹಾಕಿಕೊಂಡಳು. ನಟಿಯ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ.

ಖಣದ ವಿಷಯ ಹೇಳಲೇಬೇಕು. ಆ ಕಡೆಯ ನಾಟಕಗಳಲ್ಲಿ ಪಾತ್ರ ಮನಸ್ಸಿಗೆ ಹಿಡಿಸಿದರೆ ಜನ ಆಟದ ನಡುವೆಯೇ ರಂಗ ಹತ್ತಿ ಬಟ್ಟೆಯೋ ಖಣವೋ ಕೊಡುತ್ತಾರೆ. ಅದಕ್ಕೆ ಆಯೇರಿ ಎನ್ನುತ್ತಾರೆ. ಆಯೇರಿ ಬಂದರೆ ಹಾರ್ಮೋನಿಯಂ ಪೇಟಿ ನಿಲ್ಲಬೇಕು, ಮೈಕಿನವನು ಕೊಟ್ಟವರ ಹೆಸರು ಕೂಗಬೇಕು, ಪಾತ್ರಧಾರಿ ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ರಾಜನಿರಲಿ ಭಿಕ್ಷುಕನಿರಲಿ, ಬೇಡ ಎನ್ನುವಂತಿಲ್ಲ. ಅಂದರೆ ಕೊಡುವ ಕೈಗೆ ಅವಮಾನ ಮಾಡಿದಂತೆ.

ನಾಟಕದ ಹೆಸರು ‘ಪಾದ ಬಿಡದ ಪತಿವ್ರತೆ ಅರ್ಥಾತ್ ಉರಿದ ದೀಪ’. ಮಧ್ಯಾಹ್ನ ಶುರುವಾದದ್ದು ಸಂಜೆಯವರೆಗೂ ನಡೆಯಿತು. ಎಂಟಕ್ಕೆ ಮೈದಾನ ಖಾಲಿ ಮಾಡಲೇಬೇಕೆಂದು ಶಾಲೆಯ ವಾಚ್‌ಮನ್ ಮೊದಲೇ ಎರಡು ಸಲ ಬಂದು ಎಚ್ಚರಿಸಿ ಹೋಗಿದ್ದ. ಲಕ್ಷ್ಮೀಕಾಂತ ಕುಡಿಯುವ, ಬಡಿಯುವ ಭಾಗವನ್ನು ಬಲು ಚೆನ್ನಾಗಿ ಮಾಡಿದ. ಅಭ್ಯಾಸ ಬೇಕಾಗಿರಲಿಲ್ಲವಲ್ಲ ಎಂದು ಸಾಬವ್ವ ಹಲ್ಲು ಕಡಿದಳು. ಕಡೆಯ ಅಂಕದಲ್ಲಿ ಊರ್ಮಿಳಾ ತೆವಳುತ್ತ ಬಂದು ಅವನ ಪಾದ ಹಿಡಿದಳು. ಪೇಟಿ ಅಳತೊಡಗಿತು. ಶಿವರಾಯ ಮೈಕಿನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ. ಪಕ್ಕದಲ್ಲಿದ್ದ ಮಗಳು ತಾಯಿಯ ಸೆರಗು ಹಿಡಿದುಕೊಂಡಳು. ಊರ್ಮಿಳಾಳ ತಲೆ ಪಾದದ ಮೇಲೆ ವಾಲುತ್ತಿತ್ತು.

“ಆಯೇರಿ!” ಎಂದು ಕೂಗಿ ಸಾಬವ್ವ ಎದ್ದೇಬಿಟ್ಟಳು, ಖಣ ಹಿಡಿದು ರಂಗ ಹತ್ತಿದಳು.

ಪೇಟಿ ಗಕ್ಕನೆ ನಿಂತಿತು. ಮೈಕಿನವನು ರೂಢಿಯಂತೆ, “ಸಾಬವ್ವ, ಡೊಂಬಿವಲಿ, ಇವರಿಂದ ಪತಿವ್ರತೆ ಪಾತ್ರಕ್ಕೆ ಒಂದು ಖಣ” ಎಂದು ಕೂಗಿದ. ಸಾಯುತ್ತಿದ್ದವಳು ಎದ್ದು ಸೆರಗು ಸರಿಮಾಡಿಕೊಂಡು ಕೈ ಒಡ್ಡಿದಳು.

“ಯವ್ವಾ, ಸಾಯಾಕರೆ ಬಿಡ್ರಿ,” ಅಂದಳು ಪಿಸುಮಾತಿನಲ್ಲಿ.

“ಸಾಯಬ್ಯಾಡ ಅಂತಽ ಬಂದೀನಿ,” ಅಂದಳು ಸಾಬವ್ವ.

ಅದು ಪಿಸುಮಾತಾಗಿರಲಿಲ್ಲ, ಮೈಕು ಹತ್ತಿರವೇ ಇತ್ತು. ಇಡೀ ಮೈದಾನಕ್ಕೆ ಕೇಳಿಸಿತು. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಊರ್ಮಿಳಾ ಮತ್ತೆ ಮಲಗಿ ಪಾದ ಹಿಡಿಯುವಷ್ಟರಲ್ಲಿ ಕಾರ್ಖಾನೆಯ ಇನ್ನೊಬ್ಬ ಹೆಂಗಸು “ಆಯೇರಿ!” ಎಂದು ಎದ್ದಳು. ಅವಳ ಹಿಂದೆ ಮತ್ತೊಬ್ಬಳು. ಆಟದ ಕೊನೆಗೆ ಕೊಡಲೆಂದು ಎಲ್ಲರೂ ಖಣ ತಂದವರೇ, ಊಟದ ಹೊತ್ತಿನ ಕಥೆ ಕೇಳಿದವರೇ. ಊರ್ಮಿಳಾ ಮಲಗುವುದು, ಏಳುವುದು, ಮಲಗುವುದು, ಏಳುವುದು. ಅತ್ತು ತೋರಿಸಲು ಬಾಯಿ ತೆರೆದ ಲಕ್ಷ್ಮೀಕಾಂತ ಹಾಗೇ ನಿಂತಿದ್ದ. ಖಣ ಮುಗಿದಾಗ ಒಬ್ಬಳು ತೆಂಗಿನಕಾಯಿ ಕೊಟ್ಟಳು, ಒಬ್ಬಳು ಶೇಂಗಾ ಹೋಳಿಗೆಯ ಡಬ್ಬಿಯನ್ನೇ ಕೊಟ್ಟಳು. ಆಮೇಲೆ ಊರ್ಮಿಳಾ ಮಲಗುವುದನ್ನೇ ಬಿಟ್ಟಳು. ಸಾಲಿನ ಕಡೆ ನೋಡಿ ನಗುತ್ತ, “ಇನ್ನೂ ಎಷ್ಟು ಮಂದಿ ಅದಾರ್ರಿ?” ಅಂದಳು.

“ಇಡೀ ಚಾಳ ಅದ,” ಅಂದಳು ಸಾಬವ್ವ.

“ಆಠ್ ವಾಜ್ಲೇ! ಬಂದ್ ಕರಾ!” ಎಂಟಾಯಿತು ಎಂದು ಕೂಗುತ್ತ ವಾಚ್‌ಮನ್ ಬಂದವನೇ ಮೇನ್ ಸ್ವಿಚ್ ಎಳೆದ. ರಂಗದ ದೀಪ ಹೋಯಿತು, ಮೈಕು ಹೋಯಿತು. ರಸ್ತೆಯ ದೀಪದ ಬೆಳಕಿನಲ್ಲಿ ಪತಿವ್ರತೆ ತೆಕ್ಕೆ ತುಂಬ ಖಣ ಹಿಡಿದು ಜೀವಂತ ನಿಂತಿದ್ದಳು. ಮೈದಾನವೆಲ್ಲ ನಗು. ಕಣ್ಣೀರು ಒಬ್ಬರಿಗೂ ಬಂದಿರಲಿಲ್ಲ.

ಶಿವರಾಯ ಬರೀ ಗಂಟಲಲ್ಲೇ ಕಾಂಚನಾಳನ್ನು ಕರೆದ, ನಗುವಿನಲ್ಲಿ ಕೇಳಿಸಲಿಲ್ಲ. ತನ್ನ ಅಳುವ ಭಾಗವೇ ಹೋಯಿತೆಂದು ಕುದಿಯುತ್ತಿದ್ದ ಲಕ್ಷ್ಮೀಕಾಂತ ಅಂಟಿಸಿದ ಮೀಸೆಯಲ್ಲೇ ಕೆಳಗಿಳಿದು ನೇರ ಬಂದ. “ನಿಮ್ಮವ್ವಗ ಮರ್ಯಾದಿ ಇಲ್ಲ. ನಡಿ ಮನೀಗೆ!” ಎಂದು ಕಾಂಚನಾಳ ಮಣಿಕಟ್ಟಿಗೆ ಕೈ ಹಾಕಿದ. ಅದೇ ಮಣಿಕಟ್ಟು. ನಗು ನಿಂತಿತು. ಬುದ್ಧಿ ಬಂದ ಗಂಡ ಎಷ್ಟು ಬದಲಾಗಿದ್ದಾನೆ ಎಂಬುದನ್ನು ಎಲ್ಲರೂ ಹತ್ತಿರದಿಂದಲೇ ನೋಡಿದರು. ಸಾಬವ್ವ ಮುಂದೆ ನುಗ್ಗಿದಳು, ಆದರೆ ಮಗಳು ಅವಳಿಗಿಂತ ಮೊದಲೇ ಕೈ ಕೊಸರಿಕೊಂಡಿದ್ದಳು.

“ಕೈ ಬಿಡು. ನಾ ಬರಂಗಿಲ್ಲ,” ಅಂದಳು ಕಾಂಚನಾ. ಕನ್ನಡದಲ್ಲಿ, ಅಲ್ಲಿದ್ದ ಎಲ್ಲರಿಗೂ ತಿಳಿಯುವ ಹಾಗೆ. “ಇವತ್ತೂ ಬರಂಗಿಲ್ಲ, ನಾಳೀಗೂ ಬರಂಗಿಲ್ಲ.”

ಊರ್ಮಿಳಾ ಖಣಗಳ ಸಮೇತ ಬಂದು ಅವಳ ಪಕ್ಕ ನಿಂತಳು. ಉಳಿದ ಹೆಂಗಸರೂ ಬಂದರು. ಲಕ್ಷ್ಮೀಕಾಂತ ಸುತ್ತ ನೋಡಿ, ಮೀಸೆ ಕಿತ್ತು ನೆಲಕ್ಕೆಸೆದು ಹೊರಟುಹೋದ.

ಶಿವರಾಯನಿಗೆ ಮಾನ ಉಳಿಸಿಕೊಳ್ಳಬೇಕಿತ್ತು. “ನಾಟಕ ಅರ್ಧಕ್ಕ ನಿಂತದ, ಸಾಬವ್ವ. ಹಿಂಗ ಬಿಡಾಕ ಬರಂಗಿಲ್ಲ. ಮುಂದಿನ ಐತವಾರ ಮುಗಿಸಬೇಕಾಗ್ತದ,” ಅಂದ.

ಸಾಬವ್ವ ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದು ಕೈಯಲ್ಲಿ ಊರ್ಮಿಳಾ ಕೊಟ್ಟ ಹೋಳಿಗೆಯ ಡಬ್ಬಿಯನ್ನೂ ಹಿಡಿದುಕೊಂಡು ಸ್ಟೇಷನ್ನಿನ ಕಡೆ ತಿರುಗಿದಳು.

“ಮುಗದದ, ಶಿವರಾಯಣ್ಣ,” ಅಂದಳು. “ಆಕಿ ಸಾಯಲಿಲ್ಲ. ಹಿಂಗಽ ಮುಗೀತದ.”