ಲ್ಯಾಮಿನೇಷನ್ ಸುಲಿದ ಶುಕ್ರವಾರ

ನಮ್ಮ ಮನೆತನದಲ್ಲಿ ನನಗಿಂತ ಮೊದಲು ಹನ್ನೆರಡನೆಯ ತರಗತಿ ದಾಟಿದವರು ಯಾರೂ ಇಲ್ಲ. ಆದ್ದರಿಂದ ನನ್ನ ಅಂಕಪಟ್ಟಿ ಬಂದ ಸಂಜೆಯೇ ಅಪ್ಪ ಅದನ್ನು ದುಬೈಯ ನೈಫ್ ಬೀದಿಯ ಫೋಟೋಕಾಪಿ ಅಂಗಡಿಗೆ ಒಯ್ದು ದಪ್ಪ ಪ್ಲಾಸ್ಟಿಕ್ಕಿನ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದರು. ಇನ್ನು ಇದಕ್ಕೆ ಏನೂ ಆಗುವುದಿಲ್ಲ ಎಂದು ಅದರ ಮೇಲೆ ಚಹಾದ ಲೋಟವನ್ನೇ ಇಟ್ಟು ತೋರಿಸಿದರು.

ಅಪ್ಪನದು ಅದೇ ಬೀದಿಯಲ್ಲಿ ಸಣ್ಣ ಲಾಂಡ್ರಿ. ಶಾಲೆ ಬಿಟ್ಟ ಮೇಲೆ ಬಟ್ಟೆಗಳಿಗೆ ಹೆಸರಿನ ಚೀಟಿ ಕಟ್ಟುವುದು ನನ್ನ ಕೆಲಸ. ಗಿರಾಕಿಗಳಲ್ಲಿ ಚೀನೀ ವ್ಯಾಪಾರಿಗಳು ಬಹಳ. ಅವರ ಹೆಸರುಗಳನ್ನು ನಾನು ಇಂಗ್ಲಿಷಿನಲ್ಲಿ ಬರೆದರೆ ನಾಲ್ಕು ಜನರ ಚೀಟಿ ಒಂದೇ ಥರ ಕಾಣುತ್ತಿತ್ತು, ಅಂಗಿಗಳು ಅದಲುಬದಲಾಗುತ್ತಿದ್ದವು. ಬ್ಯಾಗಿನ ಅಂಗಡಿ ಇಟ್ಟಿದ್ದ ಒಬ್ಬ ಚೀನೀ ಹೆಂಗಸು ಒಂದು ದಿನ ರೋಸಿಹೋಗಿ, ನನ್ನ ಕೈಯ ಪೆನ್ನು ಕಿತ್ತುಕೊಂಡು ತನ್ನ ಹೆಸರನ್ನು ತನ್ನ ಲಿಪಿಯಲ್ಲೇ ಬರೆದುಕೊಟ್ಟಳು. ನಾನು ಅದನ್ನು ಚೀಟಿಯಿಂದ ಚೀಟಿಗೆ ನಕಲು ಮಾಡಿದೆ. ಆಮೇಲೆ ಉಳಿದವರ ಹೆಸರುಗಳನ್ನೂ ಕೇಳಿ ಕಲಿತೆ. ಎರಡು ವರ್ಷದಲ್ಲಿ ಚೀನೀ ಭಾಷೆಯನ್ನು ಹರಕುಮುರುಕಾಗಿ ಮಾತನಾಡುವಷ್ಟಾದೆ. ಚೀನಾದ ಹಾಂಗ್‌ಝೌ ನಗರದ ವಿಶ್ವವಿದ್ಯಾಲಯದಲ್ಲಿ ಪರದೇಶದ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದ ಸೀಟುಗಳಿವೆ ಎಂದು ಹೇಳಿದ್ದೂ ಆ ಹೆಂಗಸೇ.

ಅರ್ಜಿ ಹಾಕಿದೆ. ಜವಳಿ ಎಂಜಿನಿಯರಿಂಗಿಗೆ ಸೀಟು ಸಿಕ್ಕಿತು. ಮೊದಲ ವರ್ಷ ಭಾಷೆ, ಆಮೇಲೆ ನಾಲ್ಕು ವರ್ಷ ಪದವಿ, ಪಾಠವೆಲ್ಲ ಚೀನೀ ಭಾಷೆಯಲ್ಲೇ. "ಅಲ್ಲಿಗೆ ಹೋಗಿ ಎಂತ ತಿನ್ನುದು ನೀನು?" ಎಂದು ಅಮ್ಮ ಕೇಳಿದರು. "ಅನ್ನ ಅವರೂ ತಿಂತಾರೆ ಅಮ್ಮ" ಎಂದೆ. ಆ ಚರ್ಚೆ ಅಲ್ಲಿಗೆ ಖಲಾಸ್. ಅಂಕಪಟ್ಟಿಯ ಮೂಲ ಪ್ರತಿಗೆ ಇಲ್ಲಿಯ ಸರಕಾರದ ಮೊಹರು, ಅಬುಧಾಬಿಯಲ್ಲಿ ಚೀನಾ ರಾಯಭಾರ ಕಚೇರಿಯ ಮೊಹರು ಹಾಕಿಸಿ ತಿಂಗಳೊಳಗೆ ಕಳಿಸಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ.

ಕಾಗದಪತ್ರ ಸಿದ್ಧಮಾಡಿಕೊಡುವ ಟೈಪಿಂಗ್ ಸೆಂಟರಿಗೆ ಅಪ್ಪನ ಜೊತೆ ಹೋದೆ. ಅಲ್ಲಿದ್ದವರು ಮಂಗಳೂರಿನವರು. ಅಂಕಪಟ್ಟಿಯನ್ನು ಮೇಜಿಗೆ ಟಕಟಕ ಕುಟ್ಟಿ ನೋಡಿದರು.

"ಯಾರು ಮಾರಾಯ್ರೇ ಇದಕ್ಕೆ ರೈನ್‌ಕೋಟ್ ಹೊಲಿಸಿದ್ದು?"

"ನಾನೇ" ಎಂದರು ಅಪ್ಪ, ಇನ್ನೂ ಹೆಮ್ಮೆಯಲ್ಲೇ.

"ಪ್ಲಾಸ್ಟಿಕ್ಕಿನ ಮೇಲೆ ಮೊಹರು ಕೂರುದಿಲ್ಲ. ಕೌಂಟರಿನಲ್ಲಿ ಮುಟ್ಟುದೂ ಇಲ್ಲ. ನಮ್ಮ ಊರಿನ ಅಪ್ಪಂದಿರೆಲ್ಲ ಇದನ್ನೇ ಮಾಡುದು! ದೆಹಲಿಯ ಪರೀಕ್ಷಾ ಬೋರ್ಡಿಗೆ ಬರೆದು ಹೊಸ ಪ್ರತಿ ತರಿಸಿ."

"ಎಷ್ಟು ದಿನ?" ಎಂದು ನಾನು ಕೇಳಿದೆ.

"ಎರಡು ತಿಂಗಳಾದರೂ ಬೇಕು ಮಗಾ. ಮುಂದಿನ ವರ್ಷ ಹೋದರಾಯ್ತಲ್ಲ?"

ಅಪ್ಪ ಅಂಕಪಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಲಾಂಡ್ರಿಗೆ ಹೊರಟರು. ಮುಂದಿನ ವರ್ಷ ಎನ್ನುವುದು ನಮ್ಮಂಥವರಿಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಒಂದು ಕೆಲಸ, ಒಂದು ಮದುವೆ, ಏನಾದರೂ ಒಂದು ಅಡ್ಡ ಬಂದು ಕೂರುತ್ತದೆ. ಅಂಗಡಿಯ ಬಾಗಿಲಲ್ಲಿ ಹೇಳಿದೆ: "ಅಪ್ಪಾ, ಅದು ಬಿಸಿಗೆ ಅಂಟಿದ್ದು. ಬಿಸಿಗೇ ಬಿಡ್ಬೇಕು."

"ಕಾಗದ ಸುಟ್ಟರೆ?"

"ಸುಡದ ಹಾಗೆ ಮಾಡುದು ನಿಮ್ಮ ಕೆಲಸ ಅಲ್ವಾ?"

ಶುಕ್ರವಾರ ಮಧ್ಯಾಹ್ನ, ನಮಾಜಿನ ಹೊತ್ತಿಗಾಗಿ ಬೀದಿಯ ಅಂಗಡಿಗಳು ಮುಚ್ಚುತ್ತಿದ್ದಂತೆ, ನಾವೂ ಶಟರ್ ಎಳೆದೆವು. ಅಪ್ಪ ಲ್ಯಾಮಿನೇಷನ್ ಮಾಡಿಸಿಟ್ಟದ್ದು ಅದೊಂದೇ ಅಲ್ಲ. ನಾಲ್ಕನೇ ತರಗತಿಯ ಚಿತ್ರಸ್ಪರ್ಧೆಯ ಪ್ರಮಾಣಪತ್ರ, ನಿಂಬೆಹಣ್ಣು ಚಮಚ ಓಟದ್ದು, ಎಲ್ಲವೂ ಇದ್ದವು. ಪ್ರಯೋಗಕ್ಕೆ ಅವೇ ಬಲಿ. ಚಿತ್ರಸ್ಪರ್ಧೆ ಸುಕ್ಕುಗಟ್ಟಿತು. ನಿಂಬೆಹಣ್ಣಿನ ಅಕ್ಷರಗಳು ಪ್ಲಾಸ್ಟಿಕ್ಕಿನ ಜೊತೆಗೇ ಎದ್ದುಬಂದವು. ಅಪ್ಪ ಇಸ್ತ್ರಿಪೆಟ್ಟಿಗೆಯ ಬಿಸಿ ಇಳಿಸಿ, ಮೇಲೊಂದು ತೆಳು ಮಲ್ ಬಟ್ಟೆ ಹಾಸಿದರು. ಮೂರನೆಯದು ಚೊಕ್ಕವಾಗಿ ಬಿಟ್ಟಿತು.

ಆದರೆ ಅಂಕಪಟ್ಟಿಯನ್ನು ಹಾಸಿದಾಗ ಅವರ ಕೈ ನಿಂತಿತು. "ಕೊಡಿ, ನಾನು ಮಾಡ್ತೇನೆ" ಎಂದೆ.

"ಸುಮ್ನಿರು. ಇದು ರೇಷ್ಮೆಯ ಹಾಗೆ, ಕೈ ಇಡ್ಲಿಕ್ಕೆ ನಿಂಗೆ ಬರುದಿಲ್ಲ. ನೀನು ತುದಿ ಎಳಿ. ನಾನು 'ಯಲ್ಲಾ, ಎಳಿ' ಅಂದಾಗ ಮಾತ್ರ."

ಅವರು ಒತ್ತಿ ಎತ್ತಿದರು, ನಾನು ಎಳೆದೆ. ಬೆರಳಗಲ, ಬೆರಳಗಲ. ಒಂದು ಬದಿಗೆ ಅರ್ಧ ಗಂಟೆ. ಶಾಲೆಯ ಮೊಹರು ಸ್ವಲ್ಪ ಮಾಸಿತು, ಕೆಳಗಿನ ಒಂದು ಮೂಲೆ ಕಂದಿತು. ಅಂಕಗಳು, ಹೆಸರು, ಸಹಿ ಎಲ್ಲ ಉಳಿದವು.

ಸರಕಾರಿ ಕೌಂಟರಿನ ಅಧಿಕಾರಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಕಂದಿದ ಮೂಲೆಯನ್ನು ಬೆರಳಿನಿಂದ ಉಜ್ಜಿದ. ತಿರುಗಿಸಿ ಹಿಂಬದಿಗೆ ಮೊಹರು ಒತ್ತಿದ. ಮರುವಾರ ಅಬುಧಾಬಿಯದ್ದೂ ಬಿತ್ತು.

ಹಾಂಗ್‌ಝೌದ ಮೊದಲ ವರ್ಷ ಸುಲಭವಾಗಿರಲಿಲ್ಲ. ಚೀಟಿಯ ಮೇಲೆ ಬರೆಯುತ್ತಿದ್ದ ಹೆಸರುಗಳಿಂದ ಪಠ್ಯಪುಸ್ತಕ ಓದಲಾಗುವುದಿಲ್ಲ. ದಿನಕ್ಕೆ ಮೂವತ್ತು ಅಕ್ಷರ ಬರೆದು, ಹತ್ತು ಮರೆತು, ಮತ್ತೆ ಬರೆದೆ. ಒಂದು ಪರೀಕ್ಷೆಯಲ್ಲಿ ನಪಾಸಾಗಿ ಮತ್ತೆ ಕುಳಿತೆ. ಮೂರನೆಯ ವರ್ಷ ಯಾವ ನೂಲು ಎಷ್ಟು ಶಾಖ ತಡೆಯುತ್ತದೆ ಎಂಬ ಪಾಠ ಬಂದಾಗ ಮಾತ್ರ ಇಡೀ ತರಗತಿಗಿಂತ ಮುಂದಿದ್ದೆ.

ಐದು ವರ್ಷದ ಮೇಲೆ ಪದವಿ ಪತ್ರ ಹಿಡಿದು ದುಬೈಗೆ ಬಂದೆ. ಅಪ್ಪ ಕೈ ತೊಳೆದು, ಒರೆಸಿಕೊಂಡು ಅದನ್ನು ತೆಗೆದುಕೊಂಡರು. ಓದಲು ಬಾರದ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

"ಲ್ಯಾಮಿನೇಷನ್?" ಎಂದೆ.

"ಹೋಗಾ!" ಎಂದು ಬೈದು, ಇಸ್ತ್ರಿಯಾದ ಅಂಗಿಗೆ ಹೊದಿಸುವ ತೆಳು ಕವರೊಂದನ್ನು ಹರಿದುಕೊಂಡು, ಪತ್ರವನ್ನು ಅದರೊಳಗೆ ಜಾರಿಸಿದರು. ಕವರಿನ ಕೆಳಗಿನ ಬಾಯಿ ತೆರೆದೇ ಇತ್ತು.

"ಇದಾದ್ರೆ ಬೇಕಾದಾಗ ತೆಗೀಲಿಕ್ಕೆ ಆಗ್ತದೆ" ಎಂದರು.