ಶುಕ್ರವಾರದ ಅಧ್ಯಕ್ಷೆ

ಒಣಸೀಗಡಿ ಹುರಿಯುವಾಗ ಅಡುಗೆಮನೆಯ ಕಿಟಕಿ ಮುಚ್ಚುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ. ಇಲ್ಲಿ ಉಡುಪಿಯಲ್ಲಿ ಯಾರು ಕೇಳುತ್ತಾರೆ? ಪಕ್ಕದ ಮನೆಯವರು ವಾಸನೆ ಬಂದರೆ ತಟ್ಟೆ ಹಿಡಿದುಕೊಂಡೇ ಬರುವವರು. ಆದರೂ ಮೊನ್ನೆ ಬಾಣಲೆಗೆ ಸೀಗಡಿ ಹಾಕಿದ್ದೇ ತಡ, ಕೈ ತಾನಾಗಿ ಕಿಟಕಿಗೆ ಹೋಯಿತು. ಘಂ ಎಂದು ವಾಸನೆ ಎದ್ದಿತು ನೋಡಿ, ನಾನು ಕುವೈತಿನ ಫರ್ವಾನಿಯಾದ ನಮ್ಮ ಹಳೆಯ ಕಟ್ಟಡದ ಮೆಟ್ಟಿಲ ಮೇಲಿದ್ದೆ...

ಆ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಮನೆ. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದೆ, ನನ್ನ ಗಂಡ ಒಂದು ಕಂಪನಿಯ ಆಫೀಸಿನಲ್ಲಿ. ಒಂದು ಸಂಜೆ ಕಟ್ಟಡದ ಕಾವಲುಗಾರ ಬಂದು ಬಾಗಿಲು ಬಡಿದ. ಮೀನಿನ ವಾಸನೆಯಂತೆ, ದೂರು ಬಂದಿದೆಯಂತೆ. ಅವತ್ತು ನಾನು ಮಾಡಿದ್ದು ಬರೀ ಬೇಳೆಸಾರು. ಹಿಂದಿನ ದಿನ ಸೀಗಡಿ ಹುರಿದದ್ದು ಹೌದು, ಆದರೆ ಅದು ಬೇರೆ ವಿಷಯ. ಮಾಡದ ತಪ್ಪಿಗೆ ಬೈಸಿಕೊಳ್ಳುವ ಹೆಂಗಸಲ್ಲ ನಾನು. ಅವನ ಮೂಗಿನ ಬಗ್ಗೆ ನಾಲ್ಕು ಮಾತು ಆಡುತ್ತಿರುವಾಗಲೇ ಮೇಲಿನ ಮಹಡಿಯಿಂದ ಒಬ್ಬಳು ಇಳಿದು ಬಂದಳು. ಎತ್ತರದ ಆಳು, ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಸೌಟು. "ಅವಳನ್ನು ಬಿಡು ಭಾಯಿ, ವಾಸನೆ ನನ್ನದು," ಎನ್ನುತ್ತಾ ಸೌಟಿನಲ್ಲಿದ್ದ ಕಪ್ಪು ಚಟ್ನಿಯನ್ನು ಊದಿ ಊದಿ ಅವನ ಅಂಗೈಗೇ ಹಾಕಿದಳು. ಅವನು ನೆಕ್ಕಿದ. ಇನ್ನೊಮ್ಮೆ ನೆಕ್ಕಿದ. ಆಮೇಲೆ ಕೆಳಗೆ ಹೋದ.

ಒಣಸೀಗಡಿ, ಒಣಮೀನು, ಮೆಣಸು, ಶುಂಠಿ ಎಲ್ಲವನ್ನೂ ಎಣ್ಣೆಯಲ್ಲಿ ಕಪ್ಪಾಗುವವರೆಗೆ ಹುರಿದ ಚಟ್ನಿ ಅದು. ಅವಳ ಊರು ಘಾನಾ. ನಮ್ಮ ಕರಾವಳಿಯವರೊಬ್ಬರು ಆಫ್ರಿಕಾಕ್ಕೆ ಹೋಗಿ ಕಲಿಸಿ ಬಂದಿರಬೇಕು ಎಂದು ನಾನು ಹೇಳಿದರೆ, ಅಲ್ಲ, ನಮ್ಮವರೇ ನಿಮ್ಮಲ್ಲಿಗೆ ಬಂದು ಕಲಿಸಿದ್ದು ಎಂದು ಅವಳ ವಾದ. ಫರ್ವಾನಿಯಾದ ಒಂದು ಟೈಲರ್ ಅಂಗಡಿಯಲ್ಲಿ ಹೈದರಾಬಾದಿನವರ ನಡುವೆ ಕೂತು ಹೊಲಿಯುತ್ತಿದ್ದುದರಿಂದ ಅವಳಿಗೆ ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಹಿಂದಿ, ಇಂಗ್ಲಿಷು, ಅರಬ್ಬಿ ಮೂರನ್ನೂ ಕಲಸಿ ಮಾತಾಡುತ್ತಿದ್ದೆವು. ಕನ್ನಡದಲ್ಲಿ ನನ್ನಿಂದ ಕಲಿತದ್ದು ಒಂದೇ ಶಬ್ದ, 'ಮಾರಾಯ್ತಿ'. ಅದನ್ನು ನನ್ನ ಗಂಡನಿಗೂ ಹೇಳುತ್ತಿದ್ದಳು. ನಾನು ಅವಳನ್ನು ಅಕ್ಕ ಎಂದೇ ಕರೆದೆ, ಮೇಲಿನ ಮನೆ ಅಕ್ಕ.

ಶುಕ್ರವಾರ ಮಧ್ಯಾಹ್ನವಾದರೆ ಅಕ್ಕನ ಮನೆಯ ಮೆಟ್ಟಿಲ ತುಂಬ ಚಪ್ಪಲಿ. ಊರಾಚೆ ಸಬ್ಹಾನ್ ಕಡೆಯ ಕಾರ್ಮಿಕರ ಕ್ಯಾಂಪುಗಳಿಂದ ಬಸ್ಸು ಹಿಡಿದು ಬರುವ ಹುಡುಗಿಯರು, ಘಾನಾ, ನೈಜೀರಿಯಾ, ಕ್ಯಾಮರೂನ್ ದೇಶಗಳವರು. ಹೆಚ್ಚಿನವರು ಕ್ಲೀನಿಂಗ್ ಕಂಪನಿಗಳಲ್ಲಿ ಕೆಲಸಕ್ಕಿದ್ದವರು. ಒಂದು ದಿನ ಚಟ್ನಿಯ ಬಾಟಲಿ ಹಿಂದಿರುಗಿಸಲು ಹೋದಾಗ ಒಳಗೆ ಇಪ್ಪತ್ತೈದು ಮೂವತ್ತು ಜನ "ನನಗೆ ಹುಷಾರಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ" ಎಂದು ಅರಬ್ಬಿಯಲ್ಲಿ ರಾಗವಾಗಿ ಕಂಠಪಾಠ ಮಾಡುತ್ತಿದ್ದರು. ಮೂಲೆಯಲ್ಲಿ ಒಂದೇ ಹೊಲಿಗೆ ಯಂತ್ರ, ಅದರ ಮುಂದೆ ಸರದಿ. ಯಾರಾದರೂ ಆಸ್ಪತ್ರೆ ಸೇರಿದರೆ ಯಾವ ದಿನ ಯಾರು ಹೋಗಿ ಕೂರಬೇಕೆಂಬ ಪಟ್ಟಿ ಗೋಡೆಯ ಮೇಲಿತ್ತು. ಅದು ಅವರ ಸಂಘ, ಅಕ್ಕ ಅದರ ಅಧ್ಯಕ್ಷೆ. ನಾಚಿಕೆಯಿಂದಲೇ ಹೇಳುತ್ತೇನೆ, ಮೊದಲ ವರ್ಷ ಆ ಹುಡುಗಿಯರು ಮೆಟ್ಟಿಲಲ್ಲಿ ಎದುರಾದರೆ ನಾನು ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡವಳು.

ಹಾಗೆ ಹಿಡಿದುಕೊಂಡವಳು ನಾನೊಬ್ಬಳೇ ಅಲ್ಲವಲ್ಲ. ಕರಿಯರ ಗುಂಪು ಸೇರುತ್ತದೆ ಎಂದು ಯಾರೋ ಕಟ್ಟಡದ ಮಾಲೀಕನಿಗೆ ಹೇಳಿದರು. ಮುಂದಿನ ತಿಂಗಳಿಂದ ಮನೆಯಲ್ಲಿ ಜನ ಸೇರಿಸಬಾರದು ಎಂದು ಅವನು ಕಡ್ಡಿ ಮುರಿದಂತೆ ಹೇಳಿಬಿಟ್ಟ. ಆ ಹುಡುಗಿಯರಿಗೆ ವಾರಕ್ಕೆ ಇದ್ದದ್ದೇ ಆ ಅರ್ಧ ದಿನದ ರಜೆ. ಕೂರಲು ಜಾಗವಿಲ್ಲದಿದ್ದರೆ ಎರಡೇ ತಿಂಗಳಲ್ಲಿ ದಿಕ್ಕಾಪಾಲಾಗುತ್ತಾರೆ, ಹುಷಾರು ತಪ್ಪಿದವಳ ಪಕ್ಕ ಕೂರುವವರೂ ಇರುವುದಿಲ್ಲ ಎಂದು ಅಕ್ಕ ಹೇಳಿದಳು. ಅವಳು ನಗದೆ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಬಿಡಿ, ನಾನಿದ್ದೇನಲ್ಲ! ಊರವರೆಲ್ಲ ಸೇರಿ ಕಟ್ಟಿಕೊಂಡಿದ್ದ ನಮ್ಮ ಸಂಘಕ್ಕೆ ನಾನು ಆಗ ಕಾರ್ಯದರ್ಶಿ. ನಾಟಕದ ರಿಹರ್ಸಲ್ಲಿಗೆಂದು ನಾವು ಬಾಡಿಗೆಗೆ ಹಿಡಿದಿದ್ದ ಬೇಸ್‌ಮೆಂಟ್ ಕೋಣೆ ವರ್ಷದ ಹತ್ತು ತಿಂಗಳು ಖಾಲಿ ಬಿದ್ದಿರುತ್ತಿತ್ತು. ನಮ್ಮ ಅಧ್ಯಕ್ಷರ ಹತ್ತಿರ ಹೋದೆ. ದೊಡ್ಡ ಮನಸ್ಸಿನವರು, ಮೈಕಿನ ಮೇಲೆ ಅದಕ್ಕಿಂತ ದೊಡ್ಡ ಪ್ರೀತಿ. "ಅದಕ್ಕೆಂತ ಬಾಯಮ್ಮ, ಕೊಡುವ! ನಾಲ್ಕು ಮೆಷಿನ್ ಸಹ ಕೊಡುವ. ಒಂದು ವರ್ಷದ ಖರ್ಚು ಸ್ಪಾನ್ಸರ್ ಹತ್ರ ಮಾತಾಡುವ," ಎಂದರು. ಒಂದೇ ಷರತ್ತು. ಅದು ನಮ್ಮ ಸಂಘದ ಸೇವಾ ವಿಭಾಗ ಆಗಬೇಕು, ನಮ್ಮವರೇ ಅಧ್ಯಕ್ಷರಾಗಬೇಕು. "ನೀವೇ ಆಗಿ," ಎಂದರು. ನಾನು ಬೇಡವೆನ್ನಲಿಲ್ಲ. ಮನೆಗೆ ಬರುವಷ್ಟರಲ್ಲಿ ಉದ್ಘಾಟನೆಗೆ ಯಾವ ಸೀರೆ ಎಂದೂ ತೀರ್ಮಾನಿಸಿಯಾಗಿತ್ತು.

ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ ಹೇಳಿದೆ. ಅಕ್ಕ ಹೊಲಿಗೆ ನಿಲ್ಲಿಸದೆ ಕೇಳಿಸಿಕೊಂಡಳು.

"ನಮ್ಮ ಸಂಘಕ್ಕೆ ಅಧ್ಯಕ್ಷೆ ಇದ್ದಾಳಲ್ಲ ಮಾರಾಯ್ತಿ. ನಾನು."

"ನಿನಗೆ ಜಾಗ ಬೇಕಾ, ಕುರ್ಚಿ ಬೇಕಾ?"

"ಎರಡೂ ಬೇಕು," ಎಂದು ನಕ್ಕಳು. "ನೀನು ಕೂತರೆ ಈ ಹುಡುಗಿಯರು ಎಲ್ಲದಕ್ಕೂ ನಿನ್ನ ಮುಖ ನೋಡುವುದನ್ನು ಕಲಿಯುತ್ತಾರೆ. ಬೇಸಿಗೆಗೆ ನೀನು ಎರಡು ತಿಂಗಳು ಊರಿಗೆ ಹೋಗ್ತೀ. ಆಗ? ನಾನು ಹೋದ ಮೇಲೆ ಇವರಲ್ಲೇ ಒಬ್ಬಳು ಕೂರಬೇಕು. ಸರಿ, ನಿನ್ನ ಸಂಘಕ್ಕೆ ನಾನು ಅಧ್ಯಕ್ಷೆ ಆಗ್ತೇನೆ, ಒಪ್ತೀಯಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಉಪಕಾರ ಮಾಡಲು ಹೋದರೆ ಇದೇನು ಇವಳ ಜಂಬ! ಚಹಾ ಕುಡಿಯದೆ ಇಳಿದು ಬಂದೆ. ನಾಲ್ಕು ದಿನ ಮಾತು ಬಿಟ್ಟೆ. ಮೇಲಿನಿಂದ ಯಂತ್ರದ ಸದ್ದು ಮಾತ್ರ ಎಂದಿನಂತೆ ಬರುತ್ತಿತ್ತು, ಅದೂ ಸಿಟ್ಟು ಬರಿಸುತ್ತಿತ್ತು.

ಅಷ್ಟರಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವ ಬಂತು. ಆಮಂತ್ರಣದಲ್ಲಿ 'ಆಫ್ರಿಕಾದ ಸಹೋದರಿಯರಿಗೆ ನೆರವು ವಿತರಣೆ' ಎಂದು ಅಚ್ಚಾಗಿ ಹೋಗಿತ್ತು. ಅಕ್ಕ ಬರುವುದಿಲ್ಲವೆಂದು ಭಾವಿಸಿದ್ದೆ. ಬಾಗಿಲಿಗೆ ಬಂದು, "ಬರ್ತೇವೆ, ಎಲ್ಲರೂ," ಎಂದಷ್ಟೇ ಹೇಳಿ ಹೋದಳು. ವಿದೇಶದ ನಮ್ಮ ಸಂಘಗಳ ಸಮಾರಂಭ ನೋಡಿದವರಿಗೆ ಗೊತ್ತು. ವೇದಿಕೆಯ ಮೇಲೆ ಸಾಲಾಗಿ ಕುರ್ಚಿ, ಕುರ್ಚಿಗೊಂದು ಹೆಸರಿನ ಚೀಟಿ, ಚೀಟಿಗೊಂದು ಭಾಷಣ. ಯಾವುದೇ ವಸ್ತು ಹಸ್ತಾಂತರವಾದರೂ ಕೊಡುವವರ ಕೈ, ತೆಗೆದುಕೊಳ್ಳುವವರ ಕೈ ಎರಡೂ ಅದರ ಮೇಲಿದ್ದು, ಇಬ್ಬರೂ ಕ್ಯಾಮರಾ ನೋಡುತ್ತಾ ಫ್ಲ್ಯಾಶ್ ಹೊಡೆಯುವವರೆಗೆ ಅಲ್ಲಾಡಬಾರದು. ಅವತ್ತು ವೇದಿಕೆಯ ಮೇಲೆ ಒಂಬತ್ತು ಕುರ್ಚಿ, ಕೊನೆಯದು ನನ್ನದು. ಪಟ್ಟಿ ಮಾಡಿದವಳು ನಾನೇ. ಇನ್ನೊಂದು ಸಂಘದ ಅಧ್ಯಕ್ಷೆ ಬರುತ್ತಾಳೆ, ಅವಳಿಗೂ ಒಂದು ಕುರ್ಚಿ ಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಸಿಟ್ಟಿನಲ್ಲಿ ಬಿಟ್ಟದ್ದಾದರೆ ಆಮೇಲೆ ಸಮಾಧಾನವಾಗುತ್ತಿತ್ತು. ಇದು ನಿಜಕ್ಕೂ ಹೊಳೆಯದೇ ಹೋದದ್ದು.

ಹೆಸರು ಕರೆದಾಗ ಅಕ್ಕ ವೇದಿಕೆ ಹತ್ತಿದಳು. ಅವಳ ಹಿಂದೆ ಒಂದೇ ಥಾನಿನ ಬಣ್ಣದ ಬಟ್ಟೆಯಲ್ಲಿ ಹೊಲಿದ ಉಡುಪು ತೊಟ್ಟ ಇಪ್ಪತ್ತು ಜನ. ನಮ್ಮ ಅಧ್ಯಕ್ಷರು ಪೊಟ್ಟಣ ಕೊಟ್ಟರು, ಫ್ಲ್ಯಾಶ್ ಹೊಡೆಯಿತು. ಅಕ್ಕ ಇಳಿಯಲಿಲ್ಲ. ಹೆಗಲ ಚೀಲದಿಂದ ಇನ್ನೊಂದು ಪೊಟ್ಟಣ ತೆಗೆದು, "ಯಲ್ಲಾ, ಈಗ ನೀವು ತಗೊಳ್ಳಿ," ಎಂದಳು. ಅಧ್ಯಕ್ಷರು ಅಭ್ಯಾಸಬಲದಿಂದ ಕೈ ಇಟ್ಟು ಕ್ಯಾಮರಾ ನೋಡಿಯೇಬಿಟ್ಟರು! ಸಭಾಂಗಣವೆಲ್ಲ ಗೊಳ್ಳೆಂದಿತು.

ಒಳಗೆ ಎರಡು ಬಾಟಲಿ ಚಟ್ನಿ, ಒಂದು ಕಾಗದ. ಅಕ್ಕ ಮೈಕು ಎಳೆದುಕೊಂಡು ಅದನ್ನು ಓದಿದಳು. ಕೋಣೆ ಪ್ರತಿ ಶುಕ್ರವಾರ ಮಧ್ಯಾಹ್ನ ನಮಗೆ, ಬೀಗದ ಕೈಯೂ ನಮ್ಮಲ್ಲಿ. ಮೆಷಿನ್ ಮತ್ತು ಖರ್ಚಿಗೆ ನೀವು ಒಂದು ವರ್ಷ ಹೆಗಲು ಕೊಡಿ. ನಿಮ್ಮ ನಾಟಕದ ಬಟ್ಟೆಯೆಲ್ಲ ನಾವು ಹೊಲಿದುಕೊಡುತ್ತೇವೆ. ಬಾಗಿಲ ಮೇಲೆ ನಮ್ಮ ಹೆಸರು, ಒಳಗೆ ನಮ್ಮ ಅಧ್ಯಕ್ಷೆ. ತಿಂಗಳಿಗೊಮ್ಮೆ ನಿಮ್ಮವರಿಬ್ಬರು ನಮ್ಮವರಿಬ್ಬರು ಕೂತು ಮಾತಾಡೋಣ. ಕೊನೆಯ ಸಾಲು ಓದುವಾಗ ನನ್ನ ಕಡೆ ತಿರುಗಿದಳು: "ನಿಮ್ಮ ಇಬ್ಬರಲ್ಲಿ ಒಬ್ಬಳು ಕೆಳಗಿನ ಮನೆಯವಳೇ ಆಗಬೇಕು. ಸಿಟ್ಟಿನವಳು, ಆದರೆ ಹೇಳಿದ ಕೆಲಸ ಮಾಡುತ್ತಾಳೆ."

ಓದಿ ಮುಗಿಸಿ ಕೂರಲೆಂದು ಅತ್ತಿತ್ತ ನೋಡಿದಳು. ಒಂಬತ್ತು ಕುರ್ಚಿಯಲ್ಲಿ ಒಂಬತ್ತು ಜನ. ಆಗ ನನಗೆ ಗೊತ್ತಾಯಿತು... ಮುಖ ಎಲ್ಲಿಡಲಿ ಎನಿಸಿತು. ನನ್ನ ಕುರ್ಚಿಯನ್ನೇ ಎತ್ತಿಕೊಂಡು ಹೋಗಿ ಅಧ್ಯಕ್ಷರ ಪಕ್ಕ ಇಟ್ಟೆ. ಅಕ್ಕ ಧಾರಾಳವಾಗಿ ಕೂತಳು, ನನ್ನ ಹೆಸರಿನ ಚೀಟಿಯ ಮೇಲೆಯೇ. ಅಧ್ಯಕ್ಷರು ಕಾಗದ ನೋಡಿದರು, ಚಪ್ಪಾಳೆ ಹೊಡೆಯುತ್ತಿದ್ದ ಜನರನ್ನು ನೋಡಿದರು. ಚಪ್ಪಾಳೆಯ ಎದುರು ಇಲ್ಲ ಎನ್ನುವ ಮನುಷ್ಯರಲ್ಲ ಅವರು. ಅಲ್ಲೇ ಸಹಿ ಹಾಕಿದರು. ಮರುದಿನ ಅವರಿಗೆ ಕೊಂಚ ಕಸಿವಿಸಿಯಾಗಿದ್ದಿರಬಹುದು. ಆದರೆ ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು.

ಆಮೇಲಿನ ವರ್ಷಗಳು ನನ್ನ ಕುವೈತ್ ಬದುಕಿನಲ್ಲೇ ಅತಿ ಖುಷಿಯ ವರ್ಷಗಳು. ತಿಂಗಳ ಸಭೆಗೆ ಹೋಗಿ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿತೆ. ನನ್ನಂಥವಳಿಗೆ ಅದೇನು ಸುಲಭವೇ? ಪ್ರತಿ ಸಭೆಯನ್ನು ಬೇರೆ ಬೇರೆ ಹುಡುಗಿಯಿಂದ ನಡೆಸುವುದು ಅಕ್ಕನ ಪದ್ಧತಿ. ಒಬ್ಬಳಂತೂ ಹೆದರಿ ಮೊದಲ ಸಾಲನ್ನೇ ಮೂರು ಸಲ ಓದಿದಳು, ಕಾಗದ ಕೈಯಿಂದ ಜಾರಿಹೋಯಿತು. ಹೇಳಿಕೊಡೋಣವೆಂದು ನಾನು ಬಾಯಿ ತೆರೆದರೆ ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಅದೇ ಹುಡುಗಿ ವರ್ಷ ಕಳೆಯುವಷ್ಟರಲ್ಲಿ ನಮ್ಮ ಅಧ್ಯಕ್ಷರ ಭಾಷಣವನ್ನೇ ಅರ್ಧಕ್ಕೆ ನಿಲ್ಲಿಸಿ, "ಸರ್, ನಿಮ್ಮ ಸಮಯ ಖಲಾಸ್," ಎಂದಳು. ವರ್ಷದ ನೆರವು ಮುಗಿದಾಗ ಅಕ್ಕನ ಸಂಘದವರು ಶಾಲೆಯೊಂದರ ಯೂನಿಫಾರ್ಮ್ ಹೊಲಿಯುವ ಕೆಲಸ ಹಿಡಿದು ತಮ್ಮ ಕಾಲ ಮೇಲೆ ನಿಂತಿದ್ದರು. ಮತ್ತೊಂದು ವರ್ಷ ನಮ್ಮ ಊರ ಕಡೆಯ ಹುಡುಗಿಯೊಬ್ಬಳು ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಾಗ ನಾವೆಲ್ಲ ನಾಟಕದ ಗಡಿಬಿಡಿಯಲ್ಲಿದ್ದೆವು. ಅವಳ ಪಕ್ಕ ಸರದಿಯಂತೆ ಕೂತವರು ಅಕ್ಕನ ಸಂಘದವರು. ಯಾರೂ ಅದರ ಫೋಟೊ ತೆಗೆಯಲಿಲ್ಲ.

ಮಂಡಿನೋವು ಹೆಚ್ಚಾಗಿ ಅಕ್ಕ ಊರಿಗೆ ಹೊರಟಳು. ಶಾಲು, ಹಣ್ಣಿನ ಬುಟ್ಟಿ ಹಿಡಿದು, ಅಳಲು ಸಿದ್ಧಳಾಗಿಯೇ ನಾನು ಅವಳ ಕೊನೆಯ ಶುಕ್ರವಾರದ ಸಭೆಗೆ ಹೋದೆ. ಅಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಹೊಸ ಅಧ್ಯಕ್ಷೆ ಸಭೆ ನಡೆಸುತ್ತಿದ್ದಳು. ಅಕ್ಕನ ವಿದಾಯ ಅವತ್ತಿನ ಪಟ್ಟಿಯಲ್ಲಿ ನಾಲ್ಕನೆಯ ವಿಷಯ, ಮೂರನೆಯದು ಸೂಜಿ ದಾರ ತರುವುದು. ನಾನು ಮುಖ ಊದಿಸಿಕೊಂಡದ್ದನ್ನು ಕಂಡು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಳ್ತೀಯಾದರೆ ನಾಲ್ಕನೆಯದು ಬಂದಾಗ ಅಳು ಮಾರಾಯ್ತಿ," ಎಂದಳು.

ಕೆಲವು ವರ್ಷಗಳ ಬಳಿಕ ನಾವೂ ಊರು ಸೇರಿದೆವು. ಮೊದಮೊದಲು ಫೋನಿತ್ತು, ಆಮೇಲೆ ಹಬ್ಬಕ್ಕೊಂದು ಸಲ, ಆಮೇಲೆ... ತಪ್ಪು ನನ್ನದೇ. ಮೊನ್ನೆ ಮನಸ್ಸು ತಡೆಯದೆ ಅವಳ ಘಾನಾದ ನಂಬರಿಗೆ ಮಾಡಿದರೆ ಅದು ಹೋಗುತ್ತಲೇ ಇರಲಿಲ್ಲ. ಹಳೆಯ ಡೈರಿಯಲ್ಲಿ ಕುವೈತಿನ ಆ ಕೋಣೆಯ ನಂಬರು ಸಿಕ್ಕಿತು. ಶುಕ್ರವಾರವೇ ಮಾಡಿದೆ. ಒಬ್ಬ ಹುಡುಗಿ ಎತ್ತಿಕೊಂಡಳು, ಹಿಂದೆ ಹೆಂಗಸರ ಗಲಾಟೆ. ತಾನು ಈ ವರ್ಷದ ಅಧ್ಯಕ್ಷೆ ಎಂದಳು. ಅಕ್ಕನ ಹೆಸರು ಹೇಳಿದೆ.

"ಯಾರು ಆಂಟಿ?"

ನಾನು ಇನ್ನೊಮ್ಮೆ ಹೇಳಿದೆ. ನಿಲ್ಲಿ, ನಮ್ಮ ಪುಸ್ತಕ ನೋಡುತ್ತೇನೆ ಎಂದಳು. ಹಾಳೆ ತಿರುವುವ ಸದ್ದು ಕೇಳಿಸಿತು. "ಎರಡು ವರ್ಷದ ಹಿಂದೆ ತೀರಿಹೋದರು ಅಂತ ಬರೆದಿದೆ ಆಂಟಿ. ಸಾರಿ. ನಾನು ಅವರನ್ನು ನೋಡಿಲ್ಲ, ಅವರು ಕುವೈತ್ ಬಿಟ್ಟ ಮೇಲೆ ಬಂದವಳು ನಾನು."

ಎರಡು ವರ್ಷ! ನನಗೆ ತಿಳಿದೇ ಇಲ್ಲ. ಜೊತೆಗೆ ಸಿಟ್ಟೂ ಬಂತು. ನೀನು ಕೂತಿರುವ ಕುರ್ಚಿ ಯಾರದ್ದು ಗೊತ್ತಾ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಆ ಕಡೆ ಯಾರೋ ಅವಳನ್ನು ಕರೆದರು. "ಒಂದು ನಿಮಿಷ ಆಂಟಿ, ಸಭೆಗೆ ತಡವಾಯಿತು," ಎಂದು ಫೋನನ್ನು ಮೇಜಿನ ಮೇಲಿಟ್ಟವಳು, ನನ್ನನ್ನು ಅಲ್ಲೇ ಮರೆತುಬಿಟ್ಟಳು.

ಕುರ್ಚಿಗಳು ಸರಿದವು, ಗಲಾಟೆ ನಿಂತಿತು. "ಯಲ್ಲಾ, ಕೂತುಕೊಳ್ಳಿ. ಮೊದಲನೆಯ ವಿಷಯ," ಎಂದಿತು ಅವಳ ದನಿ. ಯಾರೋ ಅಡ್ಡ ಮಾತಾಡಿದರು, ಅವಳು ಸುಮ್ಮನಾಗಿಸಿದಳು. ನಾನು ಫೋನು ಇಡಲಿಲ್ಲ. ಅಳುತ್ತಾ, ಒಂದು ಮಾತೂ ಆಡದೆ, ಕೊನೆಯವರೆಗೂ ಕೇಳಿಸಿಕೊಂಡು ಕೂತೆ. ಹುಡುಗಿ ಸಭೆಯನ್ನು ಚೆನ್ನಾಗಿ ನಡೆಸಿದಳು.