ಪಂಕ್ಚರ್ ಅಂಗಡಿಯಿಂದ ನಾನು ಎಬ್ಬಿಸಿ ಕಳಿಸಿದ ರಾಮಾಂಜಿ

ಕೋವಿಡ್ ಮುಗಿದು ಬಸ್ಸುಗಳು ಮತ್ತೆ ತುಂಬಿ ಓಡಾಡತೊಡಗಿದ್ದ ವರ್ಷ ಅದು. ನಾನು ಮಧುಗಿರಿಯ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯಲ್ಲಿ ಸೋಷಿಯಲ್ ವರ್ಕರ್ ಆಗಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮಾನಸಿಕ ಕಾಯಿಲೆಯಿಂದ ಬೀದಿಗೆ ಬಿದ್ದವರನ್ನು ಗುರುತಿಸುವುದು, ಚಿಕಿತ್ಸೆ ಕೊಡಿಸುವುದು, ಮನೆಯವರು ಸಿಕ್ಕರೆ ಮನೆ ಸೇರಿಸುವುದು ನಮ್ಮ ಕೆಲಸ. ಈ ಕೊನೆಯದನ್ನು ನಾವು ‘ರೀಇಂಟಿಗ್ರೇಷನ್’ ಎನ್ನುತ್ತೇವೆ. ವರ್ಷದ ವರದಿ ಓದುವವರ ಕಣ್ಣು ಮೊದಲು ಬೀಳುವುದು ಆ ಕಾಲಂ ಮೇಲೆ. ನನ್ನ ಕಣ್ಣೂ ಅಲ್ಲೇ ಇತ್ತು.

ರಾಮಾಂಜಿ ನನಗೆ ಸಿಕ್ಕಿದ್ದು ಶಿರಾದಲ್ಲಿ, ಬುಕ್ಕಾಪಟ್ಟಣದ ರಸ್ತೆ ಬದಿಯ ಬಾಬು ಸಾಬರ ಪಂಕ್ಚರ್ ಅಂಗಡಿಯಲ್ಲಿ. ವಯಸ್ಸು ನಲವತ್ತರ ಆಸುಪಾಸು. ಕಾಯಿಲೆ ಸ್ಕಿಜೋಫ್ರೇನಿಯಾ, ಎದುರಿಗೆ ಯಾರೂ ಇಲ್ಲದಿದ್ದರೂ ಯಾರೋ ಬೈಯುವುದು ಅವರಿಗೆ ಕೇಳಿಸುತ್ತಿತ್ತು. ಆರು ವರ್ಷದಿಂದ ಅಂಗಡಿಯ ತಗಡಿನ ಕೆಳಗೇ ಮಲಗುತ್ತಿದ್ದರಂತೆ. ಬಾಬು ಸಾಬರ ಮನೆಯಿಂದ ಎರಡು ಹೊತ್ತು ಊಟ ಬರುತ್ತಿತ್ತು. ನಮ್ಮ ಕ್ಯಾಂಪಿನಲ್ಲಿ ಡಾಕ್ಟರು ಅವರಿಗೆ ‘ಡಿಪೋ ಇಂಜೆಕ್ಷನ್’ ಶುರು ಮಾಡಿದರು. ಒಮ್ಮೆ ಹಾಕಿದರೆ ಔಷಧಿ ತಿಂಗಳಿಡೀ ನಿಧಾನವಾಗಿ ಮೈಗಿಳಿಯುವ ಸೂಜಿ ಅದು. ಪ್ರತಿ ತಿಂಗಳು ಅವರನ್ನು ಮೊಪೆಡ್ ಹಿಂದೆ ಕೂರಿಸಿಕೊಂಡು ಬರುತ್ತಿದ್ದವರು ಬಾಬು ಸಾಬರೇ.

ನಾಲ್ಕನೇ ಸೂಜಿಯ ಹೊತ್ತಿಗೆ ರಾಮಾಂಜಿ ಬೇರೆ ಮನುಷ್ಯ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಏಳುವ ಜಾಗಕ್ಕೆ ಬೆರಳಿಟ್ಟು, “ಇಲ್ಲೈತೆ ನೋಡಿ ಸಾಬ್ರೇ” ಎಂದು ತೋರಿಸುತ್ತಿದ್ದರು. ಒಂದು ದಿನ ಮಾತಿನ ನಡುವೆ ಪಾವಗಡದ ಕಡೆಯ ತಮ್ಮ ಊರಿನ ಹೆಸರನ್ನೂ ಹೇಳಿದರು. ನಾನು ಅಷ್ಟಕ್ಕೇ ಕಾದಿದ್ದೆ. ಒಂದೇ ವಾರದಲ್ಲಿ ಅವರ ತಮ್ಮ ಹನುಮಂತರಾಯನನ್ನು ಹುಡುಕಿದೆ. ಅಣ್ಣ ಬದುಕಿದ್ದಾನೆ ಎಂದು ಕೇಳಿ ಅವನು ಫೋನಿನಲ್ಲೇ ಅತ್ತ.

ಊರಿಗೆ ಹೊರಡೋಣ ಎಂದಾಗ ರಾಮಾಂಜಿ ತೊಟ್ಟಿಯ ಮುಂದಿನಿಂದ ಏಳಲೇ ಇಲ್ಲ.

“ನಾನ್ ಒಲ್ಲೆ ಮೇಡಂ. ಅಲ್ಲೇನೈತೆ ನಂಗೆ?”

“ತಮ್ಮ ಕಾಯ್ತಾ ಇದ್ದಾರೆ ರಾಮಾಂಜಿ.”

“ಕಾಯ್ಲಿ. ನಾನು ಇಲ್ಲೇ ಇರ್ತೀನಿ.”

ಬಾಬು ಸಾಬರು ನನ್ನನ್ನು ಪಕ್ಕಕ್ಕೆ ಕರೆದರು. “ಮೇಡಂ, ಅವ್ನು ಇಲ್ಲೇ ಖುಷಿಯಾಗವ್ನೆ. ಇಲ್ಲೇ ಸೂಜಿ ಹಾಕಿಸ್ಕೊಂಡು ಇದ್ರೆ ಏನು ತಕ್ಲೀಫು?”

ಅವರ ಮಾತಿಗೆ ನಾನು ನಕ್ಕೆ. ರಕ್ತ ಸಂಬಂಧ ಇರುವಾಗ ಪಂಕ್ಚರ್ ಅಂಗಡಿಯಲ್ಲಿ ಬಿಡಲಾದೀತೇ ಎಂದೆ. ಫೈಲಿನಲ್ಲಿ ‘ಇನ್‌ಸೈಟ್ ಕಡಿಮೆ’ ಎಂದು ಬರೆದೆ. ತನ್ನ ಸ್ಥಿತಿಯ ಅರಿವು ರೋಗಿಗೆ ಸಾಲದು ಎಂದು ಇದರರ್ಥ. ಒಲ್ಲೆ ಎಂಬ ಒಂದು ಮಾತನ್ನು ಕಾಯಿಲೆಯ ಲಕ್ಷಣ ಮಾಡಲು ನನಗೆ ಎರಡು ಪದ ಸಾಕಾದವು. ಮೂರು ದಿನ ಪುಸಲಾಯಿಸಿ, ನಾಲ್ಕನೇ ದಿನ ಜೀಪಿನಲ್ಲಿ ಕೂರಿಸಿಕೊಂಡು ಹೋದೆ. ಹನುಮಂತರಾಯ ಅಣ್ಣನಿಗೆ ಹೂವಿನ ಹಾರ ಹಾಕಿದ. ಫೋಟೊ ತೆಗೆದೆವು. ಕಚೇರಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂದು ತಿಂಗಳ ಮಾತ್ರೆ ಕೊಟ್ಟು, ಮುಂದಿನ ಸೂಜಿಗೆ ಪಾವಗಡದ ಕ್ಯಾಂಪಿಗೆ ಕರೆತರಲು ತಮ್ಮನಿಗೆ ಹೇಳಿ ಬಂದಿದ್ದೆ. ಅವರು ಬರಲಿಲ್ಲ. ಅದು ನನ್ನ ಗಮನಕ್ಕೂ ಬರಲಿಲ್ಲ. ಗೈರುಹಾಜರಾದವರ ಪಟ್ಟಿ ನೋಡುವವಳು ನಾನೇ. ಆದರೆ ರಾಮಾಂಜಿಯ ಹೆಸರನ್ನು ನಾನಾಗಲೇ ‘ಮನೆ ಸೇರಿದವರು’ ಎಂಬ ಪುಟಕ್ಕೆ ವರ್ಗಾಯಿಸಿದ್ದೆ. ಎರಡು ಸಲ ಫೋನ್ ಮಾಡಿದೆ. “ಚೆನ್ನಾಗವ್ನೆ ಮೇಡಂ” ಎಂದ ತಮ್ಮ. ಅಣ್ಣನಿಗೆ ಫೋನ್ ಕೊಡಿ ಎಂದು ನಾನು ಕೇಳಲಿಲ್ಲ. ಟಿಕ್ ಹಾಕಿದೆ.

ಐದನೇ ತಿಂಗಳು ಒಂದು ಮಧ್ಯಾಹ್ನ ಬಾಬು ಸಾಬರ ಫೋನ್ ಬಂತು. ರಾಮಾಂಜಿಯನ್ನು ನೋಡಬೇಕೆನಿಸಿ ಅರವತ್ತು ದಾಟಿದ ಆ ಮನುಷ್ಯ ಶಿರಾದಿಂದ ಅವರ ಊರಿಗೆ ಅಷ್ಟು ದೂರ ಮೊಪೆಡ್ಡಿನಲ್ಲೇ ಹೋಗಿದ್ದರು.

“ಮೇಡಂ, ಬೇಗ ಬನ್ನಿ. ನಮ್ ರಾಮಾಂಜೀನ ದನದಂಗೆ ಕಟ್ಟಾಕವ್ರೆ.”

ಪಾವಗಡದ ದಾರಿಯಲ್ಲಿ ಮಿಡಿಗೇಶಿ ದಾಟುವವರೆಗೂ ಅದು ಸುಳ್ಳಾಗಿರಲಿ ಎಂದುಕೊಳ್ಳುತ್ತಲೇ ಇದ್ದೆ. ಹೋಗಿ ನೋಡಿದರೆ, ಕೊಟ್ಟಿಗೆಯ ಕಲ್ಲುಕಂಬಕ್ಕೆ ಸರಪಳಿ, ಅದರ ಇನ್ನೊಂದು ತುದಿ ರಾಮಾಂಜಿಯ ಕಾಲಿಗೆ. ಕಣಕಾಲು ಕೊಳೆತು ಊದಿಕೊಂಡಿತ್ತು. ಬಾಬು ಸಾಬರು ಪಕ್ಕದಲ್ಲಿ ಕುಳಿತು ಟವೆಲ್ಲಿನಿಂದ ನೊಣ ಓಡಿಸುತ್ತಿದ್ದರು. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಹನುಮಂತರಾಯ ಅಳತೊಡಗಿದ.

“ಏಮ್ ಮಾಡ್ಲಿ ಮೇಡಂ? ಮಾತ್ರೆ ಮುಗ್ದೋದ್ವು. ಬಾವಿಗೆ ಬೀಳ್ತೀನಿ ಅಂತ ಎರಡ್ ಸಲ ಓಡ್ದ. ಕ್ಯಾಂಪಿಗೆ ಕರ್ಕೊಂಡೋಗಾನ ಅಂದ್ರೆ ಬಸ್ಸು ಹತ್ತಲ್ಲ. ನಾನು, ನನ್ ಹೆಂಡ್ತಿ ಇಬ್ರೂ ಕೂಲಿಗೋಗ್ಬೇಕು. ಹೆಂಗೆ ನೋಡ್ಕೊಳ್ಳಿ?”

“ಫೋನಲ್ಲಿ ಯಾಕೆ ಹೇಳಲಿಲ್ಲ?”

“ನಾಚ್ಕೆ ಆಯ್ತು. ಹಾರ ಹಾಕಿ ಕರ್ಕೊಂಡಿದ್ನಲ್ಲ.”

ಆ ಹಾರವನ್ನು ಅವನು ಹಾಕುವಂತೆ ಮಾಡಿದವಳು ನಾನು. ಅವನ ಮನೆಯಲ್ಲಿ ಹಗಲು ಯಾರಿರುತ್ತಾರೆ, ಬಸ್ಸು ಎಷ್ಟು ದೂರ, ಸೂಜಿ ತಪ್ಪಿದರೆ ಏನಾಗುತ್ತದೆ ಎಂಬ ಒಂದನ್ನೂ ನಾನು ಅವನೊಂದಿಗೆ ಕುಳಿತು ಮಾತಾಡಿರಲಿಲ್ಲ.

ರಾಮಾಂಜಿ ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದರು. ಕಾಲು ಉಳಿಯಿತು, ಪಾದ ಮಾತ್ರ ಸೊಟ್ಟಗಾಯಿತು. ಬಿಡುಗಡೆಯ ದಿನ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. ಅವರು ಬಾಬು ಸಾಬರ ಕಡೆ ನೋಡಿದರು. “ನಡಿಯಪ್ಪಾ” ಎಂದರು ಸಾಬರು. ಅಂಗಡಿಯ ಹಿಂದೆ ಶೀಟು ಹೊದಿಸಿ ಒಂದು ಕೋಣೆ ಮಾಡಿಕೊಟ್ಟರು. ಎದುರಿನ ಹೋಟೆಲಿನವರು ಬೆಳಗಿನ ತಿಂಡಿ ತಮ್ಮದೆಂದರು. ಹನುಮಂತರಾಯ ಹಬ್ಬಕ್ಕೊಮ್ಮೆ ಬಂದು ಅಣ್ಣನ ಜೊತೆ ಕುಳಿತು ಹೋಗುತ್ತಾನೆ. ರಾಮಾಂಜಿಗೆ ಮುಂಚಿನಂತೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂರಲು ಆಗದು. ಸ್ಟೂಲಿನ ಮೇಲೆ ಕೂತು ಟೈರು ಬಿಚ್ಚುತ್ತಾರೆ.

ಅವರು ಅಂಗಡಿಗೆ ಮರಳಿದ ಮೊದಲ ತಿಂಗಳೇ ನಾನು ಹೋಗಿ ಕ್ಷಮೆ ಕೇಳಿದೆ.

“ನಂದು ತಪ್ಪಾಯ್ತು ರಾಮಾಂಜಿ. ಇನ್ಮೇಲೆ ಪ್ರತಿ ತಿಂಗಳು ನಾನೇ ಬರ್ತೀನಿ.”

ಅವರು ಕೈಯಲ್ಲಿದ್ದ ಟೈರನ್ನು ಕೆಳಗಿಟ್ಟರು.

“ಊರಲ್ಲಿ ಬುಟ್ಟೋಗುವಾಗ್ಲೂ ಬತ್ತೀನಿ ಅಂದಿದ್ರಿ. ನಾನ್ ದಿನಾ ರಸ್ತೆ ನೋಡ್ತಿದ್ದೆ.”

ನಾನು ಹಾಗೆ ಹೇಳಿದ್ದು ನನಗೆ ನೆನಪೇ ಇರಲಿಲ್ಲ. ಜೀಪು ಹತ್ತುವಾಗ ಬಾಯಿಗೆ ಬಂದದ್ದನ್ನು ಹೇಳಿ ಬಂದಿದ್ದೆ. ಅವರು ಅದನ್ನು ನಂಬಿಕೊಂಡು ಐದು ತಿಂಗಳು ಕಾದಿದ್ದರು.

ಅಂದಿನಿಂದ ನಾನು ಯಾರಿಗೂ ‘ಬರ್ತೀನಿ’ ಎಂದು ಸುಮ್ಮನೆ ಹೇಳಿಲ್ಲ. ತಾರೀಖು ಬರೆದುಕೊಂಡ ಮೇಲಷ್ಟೇ ಹೇಳುತ್ತೇನೆ, ಆ ತಾರೀಖಿಗೆ ಹೋಗುತ್ತೇನೆ. ರೋಗಿ ಒಲ್ಲೆ ಎಂದರೆ ಆ ಮಾತನ್ನು ಅವರು ಆಡಿದಂತೆಯೇ ಫೈಲಿನಲ್ಲಿ ಬರೆಯುತ್ತೇನೆ. ಈ ಕೆಲಸ ನನಗೆ ಕಲಿಸಿದ ಪಾಠ ಅಷ್ಟೇ, ಅದಕ್ಕೆ ಬೆಲೆ ತೆತ್ತವರು ಇನ್ನೊಬ್ಬರು. ರಾಮಾಂಜಿ ಈಗಲೂ ನನ್ನೊಂದಿಗೆ ಹೆಚ್ಚು ಮಾತಾಡುವುದಿಲ್ಲ. ನರ್ಸ್ ಜೊತೆ ನಾನು ಹೋದಾಗ ಸೂಜಿಗೆ ತೋಳು ಕೊಡುತ್ತಾರೆ, ಆಮೇಲೆ ಬೇರೆ ಕಡೆ ನೋಡುತ್ತಾರೆ.